ನಾನಿಲ್ಲದ ದಿನವೂ ಜಯಮ್ಮ ಉಣ್ಣಬೇಕು

ಕೂತಲ್ಲಿ ಕೂರುವ ಆಸಾಮಿಯಲ್ಲ ನಾನು. ಬಸ್ ಕಂಡಕ್ಟರ್ ಆಗಿ ಆಯಸ್ಸು ಸವೆಸಿದವನು. ಕೊಳ್ಳೇಗಾಲದಿಂದ ಹನೂರು, ಹನೂರಿನಿಂದ ಕೌದಳ್ಳಿ, ಅಲ್ಲಿಂದ ಮಾರ್ಟಳ್ಳಿ, ಮತ್ತೆ ವಾಪಸ್. ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಇರುತ್ತಿದ್ದೆ. ನಿವೃತ್ತಿಯಾದ ಮೇಲೂ ಊಟದ ನಡುವೆ ಎದ್ದು ಬಾಗಿಲವರೆಗೆ ಹೋಗಿ ಬರುವ ಚಾಳಿ ಬಿಡಲಿಲ್ಲ. ಇಂಥವನನ್ನು ಒಂದು ಕೋಣೆಯೊಳಗೆ ಕೂಡಿ ಹಾಕಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಹೇಳುತ್ತೇನೆ. ಆ ಕೋಣೆಯ ಆಚೆ ಇದ್ದ ಒಬ್ಬ ಹೆಂಗಸಿನ ಬಗ್ಗೆಯೂ ಹೇಳಬೇಕು. ನಿಜ ಹೇಳಬೇಕೆಂದರೆ ಅವಳ ಬಗ್ಗೆ ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ನಾನು ಮತ್ತು ನನ್ನ ಹೆಂಡತಿ ಜಯಮ್ಮ ಇರುವುದು ಕೊಳ್ಳೇಗಾಲದ ಹೊರಗೆ, ಹನೂರು ರಸ್ತೆಯ ಬದಿಯ ಒಂದು ವೃದ್ಧಾಶ್ರಮದಲ್ಲಿ. ವೃದ್ಧಾಶ್ರಮ ಎಂದ ಕೂಡಲೇ ಜನ 'ಅಯ್ಯೋ ಪಾಪ' ಎನ್ನುವ ಮುಖ ಮಾಡುತ್ತಾರೆ. ಆ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮನ್ನು ಯಾರೂ ತಂದು ಬಿಟ್ಟಿದ್ದಲ್ಲ. ಜಯಮ್ಮನಿಗೆ ಮರೆವಿನ ಕಾಯಿಲೆ. ಬಾಡಿಗೆ ಮನೆಯ ಬಾಗಿಲು ತೆರೆದಿದ್ದರೆ ಎದ್ದು ಎತ್ತಲೋ ಹೊರಟುಬಿಡುತ್ತಿದ್ದಳು. ಒಂದು ಸಲ ಬಸ್ ಸ್ಟ್ಯಾಂಡಿನಲ್ಲಿ ಹನೂರು ಬಸ್ಸು ಹತ್ತಿ ಕೂತಿದ್ದವಳನ್ನು ನನ್ನ ಹಳೆಯ ಜೊತೆಗಾರರೇ ಗುರುತು ಹಿಡಿದು ಕರೆತಂದರು. ಮಗಳು ಶೋಭಾ ಯಳಂದೂರಿನಲ್ಲಿ ಟೀಚರು. ನಮ್ಮ ಮನೆಗೇ ಬನ್ನಿ ಎಂದು ಅತ್ತು ಕರೆದಳು. ಅವಳ ಮನೆಯಲ್ಲಿ ಆಗಲೇ ಅತ್ತೆ ಹಾಸಿಗೆ ಹಿಡಿದಿದ್ದರು. ಒಬ್ಬಳು ಎಷ್ಟು ಮಂದಿಯನ್ನು ನೋಡಿಕೊಂಡಾಳು? ನಾನೇ ನಾಲ್ಕು ಕಡೆ ವಿಚಾರಿಸಿ, ಗಂಡ ಹೆಂಡತಿ ಇಬ್ಬರಿಗೂ ಜಾಗ ಕೊಡುವ ಈ ಆಶ್ರಮಕ್ಕೆ ಜಯಮ್ಮನನ್ನು ಕರೆತಂದೆ.

ಜಯಮ್ಮ ಎಲ್ಲವನ್ನೂ ಮರೆತಿದ್ದರೂ ನನ್ನ ಕೈಯನ್ನು ಮರೆತಿರಲಿಲ್ಲ. ಬೇರೆ ಯಾರು ತುತ್ತು ಹಿಡಿದರೂ ಬಾಯಿ ಬಿಗಿದುಕೊಳ್ಳುತ್ತಿದ್ದಳು. ನನ್ನ ಕೈಯಲ್ಲೂ ಸುಲಭಕ್ಕೆ ಉಣ್ಣುತ್ತಿರಲಿಲ್ಲ ಅನ್ನಿ. ಅದಕ್ಕೊಂದು ಉಪಾಯ ಕಂಡುಕೊಂಡಿದ್ದೆ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, "ಮಧುವನಳ್ಳಿ ಇಳಿಯೋರು!" ಎಂದು ಕೂಗಿ ಒಂದು ತುತ್ತು. "ಕಾಮಗೆರೆ!" ಇನ್ನೊಂದು. ಹನೂರು ಬಂದಾಗ, "ಬಸ್ಸು ವಸಿ ನಿಂತದೆ, ನೀರ್ ಕುಡಿಯೋರು ಕುಡ್ಕಳಿ" ಎಂದು ಲೋಟ ಹಿಡಿಯುತ್ತಿದ್ದೆ. ಮಾರ್ಟಳ್ಳಿ ತಲುಪುವ ಹೊತ್ತಿಗೆ ಅರ್ಧ ಮುದ್ದೆ ಖಾಲಿ. ಊಟದ ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಭಯ. ನನಗೇನಾದರೂ ಆದರೆ ಇವಳಿಗೆ ಯಾರು ತಿನ್ನಿಸುತ್ತಾರೆ? ನಾನು ಸತ್ತ ವಾರಕ್ಕೆ ಇವಳು ಹಸಿದು ಸಾಯುತ್ತಾಳೆ. ಈ ಯೋಚನೆ ಬಂದಾಗಲೆಲ್ಲ ಎದ್ದು ಅಂಗಳದಲ್ಲಿ ಸುತ್ತು ಹೊಡೆಯುತ್ತಿದ್ದೆ.

ಹಾಗೆ ಸುತ್ತುವಾಗ ನನ್ನನ್ನು ಗದರಿಸುತ್ತಿದ್ದವಳು ಸುಂದ್ರಮ್ಮ. ಲೊಕ್ಕನಹಳ್ಳಿಯವಳು, ಇಲ್ಲಿ ನಮ್ಮಂಥ ಮುದುಕರನ್ನು ನೋಡಿಕೊಳ್ಳುವ ಕೆಲಸ. ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು, ಮಾತ್ರೆ ನುಂಗಿಸುವುದು, ಬಿದ್ದವರನ್ನು ಎತ್ತುವುದು. ಬಾಯಿ ಜೋರು. "ಕಂಡಕ್ಟ್ರು ಸಾ, ಒಂದ್ಕಡೆ ಕುಂತ್ಕಳಿ ಅಂತೀನಿ. ಒರೆಸಿದ್ ನೆಲದ್ ಮ್ಯಾಲೇ ಓಡಾಡ್ತಾ ಅವ್ರೆ ನೋಡು!" ನಾನೂ ಸುಮ್ಮನಿರುವವನಲ್ಲ. ದಿನಕ್ಕೊಂದು ಜಗಳ ಇಬ್ಬರಿಗೂ ಊಟದಷ್ಟೇ ಮಾಮೂಲಿ.

ಕೊರೋನ ಬಂತು. ಮೊದಲ ಸುತ್ತು ಹೇಗೋ ಗೇಟಿನ ಆಚೆಯೇ ಕಳೆದುಹೋಯಿತು. ಎರಡನೇ ಸುತ್ತಿನಲ್ಲಿ ಮೇಲ್ವಿಚಾರಕಿ ರಾಜೇಶ್ವರಿ ಮೇಡಂ ಕೆಲಸದವರನ್ನೆಲ್ಲ ಕರೆದು, ಊರಿಗೆ ಹೋಗುವವರು ಈಗಲೇ ಹೋಗಿ, ಉಳಿಯುವವರು ಮುಗಿಯುವವರೆಗೂ ಒಳಗೇ ಇರಬೇಕು ಎಂದರು. ಹೆಚ್ಚಿನವರೆಲ್ಲ ಹೋದರು. ತಪ್ಪೇನಿಲ್ಲ, ಅವರಿಗೂ ಮನೆ ಮಕ್ಕಳು ಇದ್ದರು. ಸುಂದ್ರಮ್ಮ ಉಳಿದಳು. ಮಾರ್ಟಳ್ಳಿಯ ಸೆಲ್ವಿ ಎಂಬ ಚಿಕ್ಕ ವಯಸ್ಸಿನ ಹೆಂಗಸೂ ಉಳಿದಳು. ಇಬ್ಬರ ಮೇಲೆ ಇಡೀ ಆಶ್ರಮ ಬಿತ್ತು.

ಅಂಥದ್ದರಲ್ಲಿ ನನಗೆ ಬಾಯಿರುಚಿ ಕೆಟ್ಟಿತು. ಊಟ ಮಣ್ಣು ಮಣ್ಣು. ಮೈಯಲ್ಲಿ ಕಸುವಿಲ್ಲ. ಕೆಮ್ಮಿಲ್ಲ, ಜ್ವರ ಇದ್ದರೂ ನನ್ನ ಗಮನಕ್ಕೆ ಬಂದಿರಲಿಲ್ಲ. ಬಿಸಿಲಿನ ಝಳ ಅಂದುಕೊಂಡೆ. ಸುಂದ್ರಮ್ಮ ಬೇರೆಯೇ ಕಾರಣ ಹುಡುಕಿದಳು. ಹಿಂದಿನ ದಿನ ಗೇಟಿನ ಹತ್ತಿರ ಹಣ್ಣು ಕೊಡಲು ಬಂದಿದ್ದ ಒಬ್ಬರು ನನ್ನನ್ನು ನೋಡಿ, "ಏನ್ ಯಜಮಾನ್ರೆ, ಇನ್ನೂ ಗುಂಡುಕಲ್ಲು ಇದ್ದಂಗಿದ್ದೀರಿ" ಎಂದಿದ್ದರು.

"ಅದೇ ನೋಡಿ. ದಿಷ್ಟಿ ತಗುಲದೆ. ಕುಂತ್ಕಳಿ ಇಲ್ಲಿ, ನಿವಾಳಿಸ್ತೀನಿ" ಎಂದಳು.

ಜಯಮ್ಮನ ಪಕ್ಕದಲ್ಲೇ ಕೂತೆ. ಸುಂದ್ರಮ್ಮ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ನನ್ನ ತಲೆಯಿಂದ ಕಾಲಿನವರೆಗೆ ನಿವಾಳಿಸಿ, ಬಾಂಡ್ಲಿಯಲ್ಲಿ ತಂದಿದ್ದ ಕೆಂಡಕ್ಕೆ ಸುರಿದಳು. ನಮ್ಮ ಕಡೆ ಲೆಕ್ಕ ಎಲ್ಲರಿಗೂ ಗೊತ್ತು. ಮೆಣಸಿನಕಾಯಿ ಘಾಟು ಬಂದರೆ ದೃಷ್ಟಿ ಇಲ್ಲ. ಘಾಟು ಬರದಿದ್ದರೆ ದೃಷ್ಟಿ ಜೋರಾಗಿಯೇ ತಗುಲಿದೆ. ಚಟಪಟ ಸದ್ದಾಯಿತು, ಹೊಗೆ ಎದ್ದಿತು. ನನಗೆ ಏನೂ ಅನ್ನಿಸಲಿಲ್ಲ.

"ಘಾಟೇ ಇಲ್ಲ ಕಣವ್ವ! ಭಾರಿ ದಿಷ್ಟಿನೇ ಬಿದ್ದದೆ" ಎಂದು ನಕ್ಕೆ.

ನೋಡಿದರೆ ಸುಂದ್ರಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಕೆಮ್ಮುತ್ತಿದ್ದಳು. ಅಡುಗೆ ಮನೆಯಿಂದ ಸೆಲ್ವಿ ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಓಡಿಬಂದಳು. ಹಾಲಿನಲ್ಲಿದ್ದ ಮುದುಕರೆಲ್ಲ ಒಬ್ಬೊಬ್ಬರಾಗಿ ಕೆಮ್ಮತೊಡಗಿದರು. ಜಯಮ್ಮನೂ ಕೆಮ್ಮಿದಳು. ನಾನೊಬ್ಬನೇ ಹೊಗೆಯ ನಡುವೆ ಹಲ್ಲು ಬಿಟ್ಟುಕೊಂಡು ಕೂತಿದ್ದೆ. ಸುಂದ್ರಮ್ಮನ ಕೆಮ್ಮು ನಿಂತಿತು. ನನ್ನ ಮುಖವನ್ನೇ ನೋಡಿದಳು.

"ಸಾ, ನಿಮ್ಗೆ ಘಾಟು ಬತ್ತಾ ಇಲ್ವಾ?"

"ಇಲ್ಲ."

"ವಸಿನೂವೆ?"

ಬಾಂಡ್ಲಿಯನ್ನು ಹತ್ತಿರ ತಳ್ಳಿದಳು. ಕಣ್ಣಲ್ಲಿ ನೀರು ಬಂತು, ಮೂಗಿಗೆ ಮಾತ್ರ ಏನೂ ತಿಳಿಯಲಿಲ್ಲ. ಆಗ ಅವಳು ಮೆಲ್ಲಗೆ, ಎಂದೂ ನನ್ನ ಹತ್ತಿರ ಮಾತಾಡದ ದನಿಯಲ್ಲಿ, "ಅವ್ವನ್ ಬುಟ್ಟು ಈ ಕಡೆ ಬನ್ನಿ ಸಾ" ಎಂದಳು. ಜಯಮ್ಮನ ಭುಜದ ಮೇಲಿದ್ದ ನನ್ನ ಕೈಯನ್ನು ಅವಳೇ ಎತ್ತಿ ತೆಗೆದಳು.

ಪರೀಕ್ಷೆಗೆಂದು ನನ್ನನ್ನು ಕರೆದೊಯ್ದ ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅದರಡಿ ಒಂದು ಕುರ್ಚಿ ಬಿಟ್ಟು ಒಂದು ಕುರ್ಚಿಯಲ್ಲಿ ಜನ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಬಸ್ಸಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಪಕ್ಕದವನ ಮಗಳ ಮದುವೆ ವಿಷಯವೆಲ್ಲ ಗೊತ್ತಾಗಿರುತ್ತಿತ್ತು. ನನಗೆ ಕೂರಲು ಆಗಲಿಲ್ಲ. ಎದ್ದು ನಿಂತರೆ ಕೂರಿ ಎನ್ನುತ್ತಾರೆ, ಕೂತರೆ ಕಾಲು ತಾನೇ ಕುಣಿಯುತ್ತದೆ. ಒಬ್ಬಳು ಹುಡುಗಿ ತನ್ನ ತಾಯಿಗೆ ಬೀಸಣಿಗೆಯ ಬದಲು ಎಕ್ಸ್‌ರೇ ಕವರಿನಿಂದ ಗಾಳಿ ಹಾಕುತ್ತಿದ್ದಳು. ಜಯಮ್ಮನ ಮಧ್ಯಾಹ್ನದ ಊಟದ ಹೊತ್ತು ಮೀರುತ್ತಿತ್ತು. ನನ್ನ ತಲೆಯಲ್ಲಿ ಅದೊಂದೇ. ಕೊನೆಗೆ ಕರೆದರು. ನನಗೆ ಕೊರೋನ ಇದೆ ಎಂದರು. ಆಶ್ರಮದಲ್ಲೇ ಪರೀಕ್ಷೆ ಮಾಡಿದ್ದ ಜಯಮ್ಮನಿಗೆ ಇಲ್ಲ ಎಂದರು. ಡಾಕ್ಟರು ದಣಿದ ಕಣ್ಣಿನವರು, ಒಳ್ಳೆಯವರು. ಹಾಸಿಗೆಗಳೆಲ್ಲ ನಿಮಗಿಂತ ಕಷ್ಟದಲ್ಲಿರುವವರಿಗೆ ಹೋಗಿವೆ, ಮಾತ್ರೆ ಕೊಡುತ್ತೇನೆ, ಬೇರೆ ಕೋಣೆಯಲ್ಲಿರಿ, ಉಸಿರು ಕಟ್ಟಿದರೆ ತಕ್ಷಣ ಬನ್ನಿ ಎಂದರು.

ಹಿತ್ತಲ ಕಡೆಯ ಕೋಣೆಯೊಂದನ್ನು ಖಾಲಿ ಮಾಡಿಸಿ ನನ್ನನ್ನು ಅಲ್ಲಿ ಇಟ್ಟರು. ಒಂದು ಮಂಚ, ಒಂದು ಕಿಟಕಿ. ಕಿಟಕಿಯಾಚೆ ಅಂಗಳ, ಅಂಗಳದ ತುದಿಯಲ್ಲಿ ಹೊಂಗೆ ಮರ. ಆ ಗೋಡೆಯಿಂದ ಈ ಗೋಡೆಗೆ ಓಡಾಡಿದೆ. ಉಸಿರು ಸಿಗದೆ ಮಂಚ ಹಿಡಿದು ನಿಂತೆ. ಮತ್ತೆ ಓಡಾಡಿದೆ.

ಜಯಮ್ಮ ಬಾಯಿ ಬಿಗಿದುಕೊಂಡಳು. ಏನು ಮಾಡಿದರೂ ತೆರೆಯಲಿಲ್ಲ. ಸೆಲ್ವಿ ನನ್ನ ಉಪಾಯವನ್ನೇ ಪ್ರಯತ್ನಿಸಿದಳು. ಕಿಟಕಿಗೆ ಕೇಳಿಸಲಿ ಎಂದು ಅಂಗಳದಲ್ಲೇ ಕೂರಿಸಿಕೊಂಡು, "ಮಾರ್ಟಳ್ಳಿ! ಕೌದಳ್ಳಿ! ಹನೂರು!" ಎಂದು ಕೂಗತೊಡಗಿದಳು. ಅವಳು ಮಾರ್ಟಳ್ಳಿಯವಳು, ಅವಳ ಪಾಲಿಗೆ ಬಸ್ಸು ಹೊರಡುವುದೇ ಅಲ್ಲಿಂದ.

ನಾನು ಕಿಟಕಿ ಸರಳು ಹಿಡಿದು ಬೊಬ್ಬೆ ಹೊಡೆದೆ: "ಏಯ್, ಬಸ್ಸು ಉಲ್ಟಾ ಓಯ್ತಾ ಅದೆ! ಮಧುವನಳ್ಳಿಯಿಂದ ಶುರು ಮಾಡವ್ವ!"

"ಎಂಗೋದ್ರೇನ್ ಸಾ, ಬಾಯ್ ತೆರೆಯಕಿಲ್ವೇ ಪಾಟಿ" ಎಂದು ಸೆಲ್ವಿ ಅಳುವ ದನಿಯಲ್ಲಿ ಹೇಳಿದಳು. ತಮಿಳು ಮನೆಮಾತಿನ ಅವಳಿಗೆ ಅಜ್ಜಿಯೆಂದರೆ ಪಾಟಿ. ನಾನೇ ಕಿಟಕಿಯಿಂದ ಕೂಗಿ ನೋಡಿದೆ. ಜಯಮ್ಮ ದನಿ ಎಲ್ಲಿಂದ ಬರುತ್ತಿದೆಯೆಂದು ಅತ್ತಿತ್ತ ಹುಡುಕಿ, ಹೆದರಿ, ಅತ್ತುಬಿಟ್ಟಳು. ಕೂಗುವುದನ್ನು ನಿಲ್ಲಿಸಿದೆ.

ಮರುದಿನವೂ ಹಾಗೇ. ನೀರು, ಒಂದೆರಡು ಚಮಚ ಗಂಜಿ, ಅಷ್ಟೇ. ಯಳಂದೂರಿನಿಂದ ಶೋಭಾ ಹೊತ್ತು ಹೊತ್ತಿಗೂ ಫೋನ್ ಮಾಡುತ್ತಿದ್ದಳು. "ಅಪ್ಪಾ, ಅಮ್ಮ ಏನಾರ ತಿಂದ್ಲಾ?" ಬರುವ ಹಾಗಿಲ್ಲ. ಅವಳ ಅತ್ತೆಗೂ ಅಷ್ಟು ಹೊತ್ತಿಗೆ ಜ್ವರ. ಹೀಗೇ ಆದರೆ ಮೂಗಿಗೆ ನಳಿಗೆ ಹಾಕಿಸಬೇಕು, ಅದಕ್ಕೆ ಆಸ್ಪತ್ರೆಗೆ ಸೇರಿಸಬೇಕು ಎಂದು ಡಾಕ್ಟರು ಹೇಳಿದ್ದನ್ನು ರಾಜೇಶ್ವರಿ ಮೇಡಂ ಬಾಗಿಲ ಆಚೆಯಿಂದಲೇ ತಿಳಿಸಿದರು. ಆ ಶಾಮಿಯಾನ, ಆ ಕುರ್ಚಿಗಳು ಕಣ್ಣಮುಂದೆ ಬಂದವು. ಜಯಮ್ಮ ಅಲ್ಲಿ ಒಬ್ಬಳೇ. ತನ್ನ ಹೆಸರನ್ನು ಕರೆದರೂ ತಿಳಿಯದವಳು.

ನನಗೆ ತಡೆಯಲಾಗಲಿಲ್ಲ. ಬಾಗಿಲು ತೆಗೆದು ಅಂಗಳಕ್ಕೆ ಇಳಿದೇಬಿಟ್ಟೆ. ಒಂದೇ ಒಂದು ಹೊತ್ತು ತಿನ್ನಿಸಿ ಬರುತ್ತೇನೆ, ಆಮೇಲೆ ಏನಾದರೂ ಆಗಲಿ ಎಂದುಕೊಂಡೆ. ಜಯಮ್ಮ ಹೊಂಗೆ ಮರದಡಿ ಕುರ್ಚಿಯಲ್ಲಿ ತಲೆ ವಾಲಿಸಿ ಕೂತಿದ್ದಳು. ಅರ್ಧ ಅಂಗಳ ದಾಟಿದ್ದೆ. ಸುಂದ್ರಮ್ಮ ಪೊರಕೆ ಹಿಡಿದು ಅಡ್ಡ ಬಂದು ನಿಂತಳು.

"ಓಗಿ ಒಳಕ್ಕೆ."

"ಬುಡವ್ವ ದಾರಿ. ಅವ್ಳು ಸಾಯ್ತಾ ಅವ್ಳೆ."

"ನೀವ್ ಮುಟ್ಟುದ್ರೆ ಸಾಯದೇ ಇರ್ತಾರಾ? ಇನ್ನೊಂದೆಜ್ಜೆ ಮುಂದಕ್ಕಿಟ್ರೆ ಅವ್ವಂಗೆ ನೀವೇ ಮಣ್ಣಾಕ್ದಂಗೆ ಆಯ್ತದೆ. ವಯಸ್ಸಾದೋರು ಅಂತಾನೂ ನೋಡಕಿಲ್ಲ, ಈ ಪೊರಕೆಲೇ ಬುಡ್ತೀನಿ!"

ಬೈಯಲು ಬಾಯಿ ತೆರೆದೆ. ಉಸಿರೇ ಬರಲಿಲ್ಲ. ಅಲ್ಲೇ ನೆಲದ ಮೇಲೆ ಕುಸಿದು ಕೂತೆ. ಮಗುವಿನ ಹಾಗೆ ಅತ್ತೆ, ನಾಚಿಕೆ ಇಲ್ಲದೆ. ಸುಂದ್ರಮ್ಮ ಪೊರಕೆ ಕೆಳಗಿಟ್ಟು, ದೂರದಲ್ಲೇ ನಿಂತು, "ನಾ ಇವ್ನಿ ಅಲ್ವಾ ಸಾ. ನಾ ನೋಡ್ಕತೀನಿ. ಏಳಿ" ಎಂದಳು. ಆಮೇಲೆ ಸೋಂಕು ತಗುಲದಂತೆ ತೊಡುವ ಪ್ಲಾಸ್ಟಿಕ್ ಅಂಗಿ ತೊಟ್ಟುಕೊಂಡು ಬಂದು, ರಟ್ಟೆ ಹಿಡಿದು ಒಳಗೆ ಕರೆದೊಯ್ದಳು.

ಆ ದಿನವೇ ನಡೆದದ್ದು ಇದು. ಸುಂದ್ರಮ್ಮ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನಮ್ಮ ಪಕ್ಕದ ಕೋಣೆಯಲ್ಲಿದ್ದ ಶಾಗ್ಯದ ನಿಂಗಪ್ಪನವರನ್ನು ಅಂದು ಬೆಳಿಗ್ಗೆ ಆಂಬುಲೆನ್ಸಿಗೆ ಹತ್ತಿಸಿದ್ದಳು. ಅವರು ವಾಪಸ್ ಬರಲಿಲ್ಲ, ಅದು ಬೇರೆ ಮಾತು. ಆಮೇಲೆ ಹಾಸಿಗೆ ಒಗೆದು, ನೆಲ ಒರೆಸಿ, ನನ್ನ ಹತ್ತಿರ ಜಗಳವಾಡಿ, ಈಗ ಎರಡು ತಟ್ಟೆ ಹಿಡಿದು ಜಯಮ್ಮನ ಎದುರು ಬಂದಳು. ಕಿಟಕಿಯಿಂದ ನಾನು ನೋಡುತ್ತಲೇ ಇದ್ದೆ. ಜಯಮ್ಮನಿಗೆ ತುತ್ತು ಹಿಡಿದಳು. ಬಾಯಿ ತೆರೆಯಲಿಲ್ಲ. ಸುಂದ್ರಮ್ಮ ತುತ್ತನ್ನು ತಟ್ಟೆಗೆ ವಾಪಸ್ ಹಾಕಿ ನೆಲದ ಮೇಲೆ ಕೂತುಬಿಟ್ಟಳು.

"ತಡ್ಕಳಿ ಅವ್ವ, ವಸಿ. ನಂಗೆ ಕಣ್ ಕತ್ಲೆ ಬತ್ತಾ ಅದೆ" ಎಂದು ಕೈ ತೊಳೆದು ತನ್ನ ತಟ್ಟೆ ಎಳೆದುಕೊಂಡಳು. ಮಾಸ್ಕು ಕೆಳಗೆ ಮಾಡಿ, ಸ್ವಲ್ಪ ದೂರ ಸರಿದು, ಮುದ್ದೆ ಮುರಿದು ಗಬಗಬನೆ ನುಂಗತೊಡಗಿದಳು. ಜಯಮ್ಮ ಅವಳನ್ನೇ ನೋಡುತ್ತಿದ್ದಳು. ತಟ್ಟೆ ಖಾಲಿಯಾಗಿ, ಸುಂದ್ರಮ್ಮ ನೀರು ಕುಡಿದು, ಕೈ ತೊಳೆಯುವವರೆಗೂ ನೋಡಿದಳು. ಆಮೇಲೆ ಎಷ್ಟೋ ದಿನದಿಂದ ಮಾತೇ ಆಡದಿದ್ದವಳು ಕೇಳಿದಳು:

"ಉಂಡ್ಯಾ ಮಗಾ?"

ಸುಂದ್ರಮ್ಮ ತಲೆಯೆತ್ತಿದಳು. "ಉಂಡೆ ಕಣವ್ವ."

"ಎಲ್ರದೂ ಆಯ್ತಾ?"

ಸುಂದ್ರಮ್ಮ ಒಂದು ಸಲ ನನ್ನ ಕಿಟಕಿ ಕಡೆ ನೋಡಿದಳು. "ಎಲ್ರದೂ ಆಯ್ತು ಕಣವ್ವ. ನಿಮ್ದೊಂದೇ ಇರಾದು."

ತುತ್ತು ಹಿಡಿದಳು. ಜಯಮ್ಮ ಬಾಯಿ ತೆರೆದಳು.

ನಾನು ಗೋಡೆಗೆ ತಲೆ ಆನಿಸಿ ನಿಂತೆ. ಮದುವೆಯಾದಾಗಿನಿಂದ ಈ ಹೆಂಗಸು ಮನೆಯಲ್ಲಿ ಎಲ್ಲರೂ ಉಂಡ ಮೇಲಲ್ಲದೆ ಉಂಡವಳಲ್ಲ. ನನ್ನ ತಂದೆ ತಾಯಿ, ಮೈದುನಂದಿರು, ಮಗಳು, ಡ್ಯೂಟಿ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದ್ದ ನಾನು, ಎಲ್ಲರ ತಟ್ಟೆ ತೊಳೆದಿಟ್ಟ ಮೇಲೆ ಒಲೆ ಮುಂದೆ ಕೂತು ಉಣ್ಣುತ್ತಿದ್ದಳು. ಊರು ಮರೆತಳು, ಹೆಸರು ಮರೆತಳು, ಆ ಕ್ರಮ ಮರೆಯಲಿಲ್ಲ. ನಾನು ಪ್ರೀತಿಯಿಂದ ಮೊದಲು ಅವಳಿಗೆ ತಿನ್ನಿಸಿ ಆಮೇಲೆ ಉಣ್ಣುತ್ತಿದ್ದೆ. ಅವಳು ಹಟ ಮಾಡುತ್ತಿದ್ದಾಳೆ ಅಂದುಕೊಂಡು ಬಸ್ ಸ್ಟಾಪುಗಳನ್ನೆಲ್ಲ ಕೂಗಿದ್ದೇ ಕೂಗಿದ್ದು. ಪಾಪ, ನನ್ನ ಮಾತು ಮೀರಲಾರದೆ ನುಂಗುತ್ತಿದ್ದಳು ಅಂತ ಕಾಣುತ್ತದೆ. ಸುಂದ್ರಮ್ಮನಿಗೂ ಇದು ಮೊದಲೇ ಗೊತ್ತಿದ್ದದ್ದಲ್ಲ. ಅವಳಿಗೆ ಹಸಿವಾಗಿತ್ತು, ಉಂಡಳು. ಅಷ್ಟೇ ಆದದ್ದು.

ಆಮೇಲೆ ಅವಳು ಅದನ್ನು ನನ್ನ ಮೇಲೂ ಪ್ರಯೋಗಿಸಿದಳು. ರುಚಿಯಿಲ್ಲ, ಬೇಡ ಎಂದು ನಾನು ಊಟ ವಾಪಸ್ ಕಳಿಸುತ್ತಿದ್ದೆನಲ್ಲ, "ಸಾ, ನೀವುಂಡಿಲ್ಲ ಅಂದ್ರೆ ಅವ್ವಂಗೆ ನಾ ಸುಳ್ಳೇಳಕಿಲ್ಲ" ಎಂದಳು. ಹಾಗಾಗಿ ಮಣ್ಣಿನಂಥ ಮುದ್ದೆಯನ್ನು ಸೊಪ್ಪಿನ ಸಾರಿನಲ್ಲಿ ಅದ್ದಿ ಅದ್ದಿ ನುಂಗಿದೆ. ಖಾಲಿ ತಟ್ಟೆಯನ್ನು ಕಿಟಕಿಯಲ್ಲಿ ಎತ್ತಿ ತೋರಿಸಬೇಕಿತ್ತು. ಜಯಮ್ಮನಿಗೆ ಅದು ಯಾರ ತಟ್ಟೆ ಎಂದು ತಿಳಿಯುತ್ತಿತ್ತೋ ಇಲ್ಲವೋ. ಸುಂದ್ರಮ್ಮ ಮಾತ್ರ ಬಗ್ಗಿ ನೋಡಿ, "ಮೂಲೇಲಿ ಇನ್ನೂ ಅದೆ, ಅದ್ನೂ ಉಣ್ಣಿ" ಎನ್ನುತ್ತಿದ್ದಳು.

ಒಂದು ದಿನ ಆಕ್ಸಿಜನ್ ಅಳೆಯಲು ಬೆರಳಿಗೆ ಹಾಕುವ ಕ್ಲಿಪ್ಪಿನ ಅಂಕಿ ಇಳಿಯತೊಡಗಿತು. ಮಾತಾಡಿದರೆ ಉಸಿರಿಲ್ಲ. ಮೇಡಂ ಆಂಬುಲೆನ್ಸಿಗೆ ಫೋನ್ ಹಚ್ಚಿ ಕಾಯುತ್ತಿದ್ದರು. ಸುಂದ್ರಮ್ಮ, ಸೆಲ್ವಿ ಇಬ್ಬರೂ ಒಳಗೆ ಬಂದು ಡಾಕ್ಟರು ಫೋನಿನಲ್ಲಿ ಹೇಳಿದಂತೆ ನನ್ನನ್ನು ಬೋರಲು ಮಲಗಿಸಿ, ಎದೆಯಡಿ ದಿಂಬು ಕೊಟ್ಟು, ಬೆನ್ನು ನೀವುತ್ತ ಕೂತರು. ಆ ಪ್ಲಾಸ್ಟಿಕ್ಕಿನೊಳಗೆ ಅವರು ಬೆವೆತು ನೀರಾಗಿದ್ದರು. ಸಾಯುತ್ತೇನೆ ಅನ್ನಿಸಿತು. ಹೆದರಿಕೆಯಾಯಿತು, ಬಹಳ ಹೆದರಿಕೆಯಾಯಿತು. ಆದರೆ ಹಿಂದೆ ಇದ್ದ ಆ ಭಯ ಅದರಲ್ಲಿ ಇರಲಿಲ್ಲ. ಅಂಕಿ ನಿಧಾನಕ್ಕೆ ಮೇಲೆ ಬಂತು. ಆಂಬುಲೆನ್ಸು ಬಂದು ಗೇಟಿನಿಂದಲೇ ಇನ್ನೊಬ್ಬರ ಮನೆಗೆ ಹೋಯಿತು.

ಚೇತರಿಸಿಕೊಳ್ಳುವ ದಿನಗಳಲ್ಲಿ ಸುಂದ್ರಮ್ಮ ಕಿಟಕಿಯಾಚೆ ನಿಂತು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಅವಳ ಊರಲ್ಲಿ ಆನೆ ಇಳಿದು ಜೋಳದ ಹೊಲ ತುಳಿದು ಹೋಗಿತ್ತು. ಗಂಡ ಬಾ ಎಂದು ಕರೆಯುತ್ತಿದ್ದ. "ನಾ ಬಂದು ಆನೇನ ಅಟ್ಟಕಾದದಾ? ಇಲ್ಲಿ ಅವ್ವ ಉಣ್ಣಕಿಲ್ಲ ಕಣಯ್ಯ" ಎಂದು ಫೋನಿಟ್ಟಳು. ಸ್ವಲ್ಪ ಹೊತ್ತು ಅಲ್ಲೇ ನಿಂತು ಮೂಗು ಒರೆಸಿಕೊಂಡಳು. ನಾನು ಕೇಳಿಸಿಕೊಂಡೆನೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ. ಅವಳಿಗೆ ಕೃತಜ್ಞತೆ ಹೇಳಲು ಹೋದರೆ ಬೈಯುತ್ತಾಳೆ, ಹಾಗಾಗಿ ಹೇಳಲೂ ಇಲ್ಲ.

ನನ್ನನ್ನು ಹೊರಗೆ ಬಿಟ್ಟ ದಿನ ಗಡ್ಡ ತೆಗೆಸಿಕೊಳ್ಳುವ ತಾಳ್ಮೆಯೂ ಇರಲಿಲ್ಲ. ನೇರ ಊಟದ ಮನೆಗೆ ಹೋದೆ. ಜಯಮ್ಮ ಅಲ್ಲಿದ್ದಳು. ಮೈಗೆ ಸ್ವಲ್ಪ ಕಳೆಯೂ ಬಂದಿತ್ತು. ಎದುರು ಕೂತು, ನಾನು ಮೊದಲು ಉಂಡು, ಕೈ ತೊಳೆದು, ತುತ್ತು ಹಿಡಿದೆ. ಎಲ್ಲ ಕ್ರಮವಾಗಿಯೇ ಮಾಡಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಸುಂದ್ರಮ್ಮನ ಕಡೆ ತಿರುಗಿ, "ಯಾರವ್ವ ಅವ್ರು? ನೆಂಟ್ರಾ? ಅವ್ರಿಗೆ ಇಕ್ಕುದ್ಯಾ?" ಎಂದು ಕೇಳಿದಳು.

ಸುಂದ್ರಮ್ಮನ ಮುಖ ಪೆಚ್ಚಾಯಿತು. "ಅಯ್ಯೋ, ನಿಮ್ ಯಜಮಾನ್ರು ಕಣವ್ವ" ಎಂದಳು. ನನ್ನ ಕಡೆ ತಿರುಗಿ, "ಗಡ್ಡ ಬುಟ್ಟಿದ್ದೀರಲ್ಲ, ಅದ್ಕೇ ಸಾ. ನಾಳೆ ಸರೋಯ್ತದೆ" ಎಂದಳು. ಗಡ್ಡ ತೆಗೆಸಿದೆ. ಸರಿಹೋಗಲಿಲ್ಲ. ಸುಂದ್ರಮ್ಮ ಹಿಡಿದ ತುತ್ತಿಗೆ ಬಾಯಿ ತೆರೆಯುವವಳು ನನ್ನದಕ್ಕೆ ಮರ್ಯಾದೆಯಿಂದ ಕೈ ಅಡ್ಡ ಹಿಡಿದು, ಸಾಕು ಎನ್ನುತ್ತಿದ್ದಳು. ಹೊಟ್ಟೆಕಿಚ್ಚಾಯಿತು, ಮುಚ್ಚುಮರೆ ಯಾಕೆ. ಎಷ್ಟೋ ದಿನ ಸುಂದ್ರಮ್ಮನ ಹತ್ತಿರ ಜಗಳವಾಡಲೂ ಮನಸ್ಸಾಗಲಿಲ್ಲ.

ಆ ಕೆಟ್ಟ ವರ್ಷ ಕಳೆದ ಮೇಲೆ ಕೆಲಸದವರಿಗೆಲ್ಲ ಸನ್ಮಾನ ಇಟ್ಟುಕೊಂಡರು. ಹಾಲಿನಲ್ಲಿ ಕುರ್ಚಿ, ಮೈಕು, ಶಾಲು, ಹಣ್ಣಿನ ತಟ್ಟೆ. ಶೋಭಾ ಯಳಂದೂರಿನಿಂದ ಬಂದು ಅಮ್ಮನ ಪಕ್ಕ ಕೂತಿದ್ದಳು. ಸೆಲ್ವಿ ಶಾಲು ಹೊದಿಸಿಕೊಂಡು ಫೋಟೋಕ್ಕೆ ನಗಲಾರದೆ ನಿಂತಿದ್ದಳು. ಹಿರಿಯರ ಪರವಾಗಿ ಎರಡು ಮಾತಾಡಿ ಎಂದು ನನಗೆ ಹೇಳಿದ್ದರು. ಬಾಯಾಳಿ ಅಂತ ನನಗೆ ಹೆಸರಿದೆ. ದೇವರು, ತ್ಯಾಗ, ಸೇವೆ ಅಂತೆಲ್ಲ ಜೋಡಿಸಿಕೊಂಡೇ ಹೋಗಿದ್ದೆ. ಮೈಕಿನ ಮುಂದೆ ನಿಂತಾಗ ಅದ್ಯಾವುದೂ ಬಾಯಿಗೆ ಬರಲಿಲ್ಲ.

"ನನ್ನ ಹೆಂಡತಿ ಈಗ ನನ್ನ ಕೈಯಲ್ಲಿ ಉಣ್ಣೋದಿಲ್ಲ" ಎಂದೆ. ಯಾರೋ ಹಿಂದೆ ನಕ್ಕರು. "ಸುಂದ್ರಮ್ಮನ ಕೈಯಲ್ಲಿ ಉಣ್ತಾಳೆ. ನಾಳೆ ನಾನು ಸತ್ತರೂ ಉಣ್ತಾಳೆ. ಇಷ್ಟು ವರ್ಷ ನಾನು ಹೆದರಿದ್ದು ಅದೊಂದಕ್ಕೇ. ಇನ್ನು ಹೆದರಿಕೆ ಇಲ್ಲ."

ಶೋಭಾ ಅಳುತ್ತಿದ್ದಳು. ಜನ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಕೂತಿದ್ದರು. ಅಧ್ಯಕ್ಷರು ತಮ್ಮ ಭಾಷಣಕ್ಕೆ ಎದ್ದರು. ಆದರೆ ಜಯಮ್ಮನ ಊಟದ ಹೊತ್ತಾಗಿತ್ತು. ಸುಂದ್ರಮ್ಮ ಶಾಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ವೇದಿಕೆಯಿಂದ ಇಳಿದು, ತಟ್ಟೆಯೊಂದನ್ನು ತಂದು ನನ್ನ ಕೈಗೆ ಕೊಟ್ಟಳು.

"ಭಾಷ್ಣ ಆಮ್ಯಾಕ್ ಕೇಳಾನ. ನೀವ್ ಮೊದ್ಲು ಉಣ್ಣಿ ಸಾ, ನಾನೂ ಉಂಡ್ಕತೀನಿ. ಅವ್ವ ಕಾಯ್ಕಂಡು ಕುಂತದೆ."